ಓದುಗರ ಪ್ರಶ್ನೆ: ಆದೇಶದಲ್ಲಿ ರಾಜ್ಯಪಾಲರ ಹೆಸರು, ತೀರ್ಮಾನ ಯಾರದು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ ಮಂತ್ರಿಮಂಡಲಕ್ಕೆ ಸಂಬಂಧಿಸಿದವು. ಆದುದರಿಂದ ಪಡಿತರ ಚೀಟಿ, ಜಮೀನಿನ ಪೋಕುವರವು (ಖಾತೆ ಬದಲಾವಣೆ) ಮುಂತಾದವುಗಳ ಕುರಿತ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇವನ್ನಷ್ಟೇ ಎತ್ತಿಕೊಂಡಿದ್ದೇನೆ. ಹೆಸರು ಪ್ರಕಟಿಸಬಾರದೆಂದು ಕೆಲವರು ಕೇಳಿಕೊಂಡಿರುವುದರಿಂದ ಎಲ್ಲರ ಊರನ್ನು ಮಾತ್ರ ಕೊಡಲಾಗಿದೆ.

ನಮ್ಮ ಊರಿನ ತೋಡಿಗೆ ಒಂದು ಸಂಕ (ಕಿರುಸೇತುವೆ) ಬೇಕೆಂದು ಇಪ್ಪತ್ತೆಂಟು ಮನೆಯವರು ಸಹಿ ಹಾಕಿ ಮಂತ್ರಿಗಳಿಗೆ ಮನವಿ ಕೊಟ್ಟಿದ್ದೆವು. ಏಳು ತಿಂಗಳ ಬಳಿಕ ಮಲೆಯಾಳದಲ್ಲಿ ಒಂದು ಕಾಗದ ಬಂತು. ಮೇಲ್ಗಡೆ ‘ಉತ್ತರವ್’ ಎಂದಿದ್ದುದನ್ನು ಕಂಡು ಮನವಿಗೆ ಉತ್ತರ ಬಂತೆಂದು ಸಂತೋಷಪಟ್ಟೆವು. ಬಲ್ಲವರಿಂದ ಓದಿಸಿದಾಗ, ಸದ್ಯಕ್ಕೆ ಹಣವಿಲ್ಲವೆಂದು ಬೇಡಿಕೆಯನ್ನು ತಳ್ಳಿಹಾಕಿದ ಆದೇಶ ಅದೆಂದು ತಿಳಿಯಿತು. ಕೊನೆಯಲ್ಲಿ ‘ಗವರ್ನರುಡೆ ಉತ್ತರವಿನ್ ಪ್ರಕಾರಂ’ ಎಂದಿದೆ. ಹಾಗಾದರೆ ನಮ್ಮ ಸಂಕ ಬೇಡವೆಂದವರು ರಾಜ್ಯಪಾಲರೇ? ಇನ್ನು ಅವರಿಗೇ ಬರೆಯಬೇಕೇ?
– ಅಡಕೆ ಕೃಷಿಕರು, ಪೆರ್ಲ (ಕಾಸರಗೋಡು ಜಿಲ್ಲೆ, ಕೇರಳ)

‘ಉತ್ತರವ್’ ಎಂಬ ಮಾತು ನಮ್ಮವರಿಗೆ ಮೋಸ ಮಾಡುವುದು ಇದೇ ಮೊದಲಲ್ಲ. ಮಲೆಯಾಳದಲ್ಲಿ ಅದಕ್ಕೆ ಆದೇಶವೆಂದರ್ಥ. ನಾವು ಉತ್ತರ ಎನ್ನುವುದಕ್ಕೆ ಅವರು ‘ಮರುಪಡಿ’ ಎನ್ನುತ್ತಾರೆ. ಇನ್ನು ನಿಮ್ಮ ಮುಖ್ಯ ಸಂದೇಹದ ವಿಚಾರ. ನಿಮ್ಮ ಸಂಕದ ಕಡತವನ್ನು ರಾಜ್ಯಪಾಲರು ಕಣ್ಣಿನಿಂದ ಕಂಡೂ ಇರಲಾರರು.

ಸಂವಿಧಾನದ 154ನೆಯ ವಿಧಿಯು ರಾಜ್ಯದ ಕಾರ್ಯಾಂಗದ ಅಧಿಕಾರವನ್ನು ರಾಜ್ಯಪಾಲರಲ್ಲಿ ಇರಿಸಿದೆ. 163ನೆಯ ವಿಧಿಯು ಅವರಿಗೆ ನೆರವು ಮತ್ತು ಸಲಹೆ ನೀಡಲು ಮುಖ್ಯಮಂತ್ರಿಯ ನೇತೃತ್ವದಲ್ಲಿ ಮಂತ್ರಿಮಂಡಲ ಇರಬೇಕೆನ್ನುತ್ತದೆ. 166ನೆಯ ವಿಧಿಯ ಪ್ರಕಾರ ಸರಕಾರದ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು. ಕರ್ನಾಟಕದ ಆದೇಶಗಳ ಕೆಳಗೂ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು ಇರುವುದು ಇದೇ ಕಾರಣಕ್ಕೆ. ಈ ವಿಧಿಗಳನ್ನು ಬಿಡಿಬಿಡಿಯಾಗಿ ಓದಿದವರಿಗೆ ರಾಜ್ಯಪಾಲರೇ ಆಳುತ್ತಾರೆಂದು ತೋರುವುದು ಸಹಜ. 1974ರಲ್ಲಿ ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು, ಸಂವಿಧಾನವೇ ವಿವೇಚನೆಗೆ ಬಿಟ್ಟ ಕೆಲವು ಸಂದರ್ಭಗಳ ಹೊರತು ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕೆಂದು ತೀರ್ಪಿತ್ತ ಮೇಲೆ ಆ ಸಂದೇಹಕ್ಕೆ ಎಡೆಯಿಲ್ಲ. ದೇವಸ್ಥಾನದ ರಶೀದಿಯಲ್ಲಿ ದೇವರ ಹೆಸರಿರುತ್ತದೆ. ಲೆಕ್ಕ ಕೇಳುವವರು ಮೊಕ್ತೇಸರರನ್ನೇ ಕೇಳಬೇಕಷ್ಟೆ.

ಮೊಕ್ತೇಸರರು ಯಾರೆಂಬುದನ್ನು ತಿಳಿಯಲು ಕಾಗದದ ಮೇಲ್ಭಾಗವನ್ನು ಇನ್ನೊಮ್ಮೆ ನೋಡಿ. ಆದೇಶದ ಸಂಖ್ಯೆಯ ಹಿಂದೆ ‘ಸ.ಉ.’ ಎಂದೂ ಅದರ ಪಕ್ಕದಲ್ಲಿ ಆವರಣದೊಳಗೆ ‘ಸಾಧಾ’ ಅಥವಾ ‘ಕೈ’ ಎಂದೂ ಇರುತ್ತದೆ. ‘ಸ.ಉ.’ ಎಂದರೆ ಸರಕಾರಿ ಆದೇಶ. ‘ಸಾಧಾ’ ಎಂದಿದ್ದರೆ ಅದು ನಿತ್ಯದ ಕಡತಗಳ ಸಾಮಾನ್ಯ ಆದೇಶ. ‘ಕೈ’ ಎಂಬುದು ಕೈಬರಹದ ಪ್ರತಿ ಎಂಬ ಹಳೆಯ ಕಾಲದ ಗುರುತು; ಹೆಚ್ಚು ಮಹತ್ವದ, ಮುಂದಕ್ಕೂ ಬಾಳುವ ಆದೇಶಗಳು ಆ ವರ್ಗಕ್ಕೆ ಸೇರುತ್ತವೆ. ಅದರ ಬಳಿಯಲ್ಲೇ ಇಲಾಖೆಯ ಹೆಸರೂ ಇರುತ್ತದೆ. ಮಂತ್ರಿಗಳಿಗೆ ಖಾತೆಗಳನ್ನು ಹಂಚುವುದಕ್ಕೂ ಕೆಲಸದ ಕ್ರಮವನ್ನು ಗೊತ್ತುಪಡಿಸುವುದಕ್ಕೂ 166ನೆಯ ವಿಧಿಯ ಅಡಿಯಲ್ಲೇ ಕಾರ್ಯಕಲಾಪ ನಿಯಮಗಳಿವೆ. ಆ ನಿಯಮಗಳಂತೆ ಕಡತವು ವಿಭಾಗದ ಗುಮಾಸ್ತರ ಮೇಜಿನಿಂದ ಹೊರಟು ಕಾರ್ಯದರ್ಶಿಯವರೆಗೆ ಏರುತ್ತದೆ. ಕೆಲವು ಅಲ್ಲಿಯೇ ಮುಗಿಯುತ್ತವೆ, ಕೆಲವು ಮಂತ್ರಿಯವರ ಸಹಿಯಿಂದ ಮುಗಿಯುತ್ತವೆ. ಹೊಸ ಧೋರಣೆ, ಮಸೂದೆ, ದೊಡ್ಡ ಮೊತ್ತದ ಹೊರೆ, ಎರಡು ಇಲಾಖೆಗಳ ನಡುವೆ ಬಗೆಹರಿಯದ ಭಿನ್ನಾಭಿಪ್ರಾಯ ಇಂಥವು ಮಾತ್ರ ಸಂಪುಟದ ಮುಂದೆ ಬರುತ್ತವೆ. ಒಂದು ತೋಡಿನ ಸಂಕ ಅಷ್ಟು ದೂರ ನಡೆದಿರುವ ಸಂಭವವಿಲ್ಲ.

ಆದುದರಿಂದ ನೀವು ಬರೆಯಬೇಕಾದದ್ದು ಆ ಇಲಾಖೆಯ ಮಂತ್ರಿಗೆ, ಮತ್ತು ಅದಕ್ಕಿಂತ ಮುಖ್ಯವಾಗಿ ನಿಮ್ಮ ಶಾಸಕರಿಗೆ. ಶಾಸಕರು ವಿಧಾನಸಭೆಯಲ್ಲಿ ಚುಕ್ಕಿ ಗುರುತಿನ ಪ್ರಶ್ನೆಯನ್ನೋ ಒಂದು ಸಬ್‌ಮಿಷನ್ನನ್ನೋ ತಂದರೆ ಮಂತ್ರಿ ಎದ್ದುನಿಂತು ಕಾರಣ ಹೇಳಲೇಬೇಕಾಗುತ್ತದೆ. ಕಾರಣ ಹೇಳಲು ಕಾಗದ ಬೇಕು. ಕಾಗದಕ್ಕಾಗಿ ಮುಚ್ಚಿದ ಕಡತವನ್ನು ಮತ್ತೆ ಬಿಚ್ಚಬೇಕಾಗುತ್ತದೆ. ರಾಜ್ಯಪಾಲರಿಗೆ ಬರೆದರೆ ಏನೂ ಆಗದೆಂದು ಹೇಳಲಾರೆ. ಒಬ್ಬ ಮಂತ್ರಿ ತಾನಾಗಿಯೇ ತೀರ್ಮಾನಿಸಿದ, ಮಂತ್ರಿಮಂಡಲ ಪರಿಶೀಲಿಸದ ವಿಷಯವನ್ನು ಮಂಡಲದ ಮುಂದಿಡುವಂತೆ ಮುಖ್ಯಮಂತ್ರಿಯನ್ನು ಕೇಳುವ ಅಧಿಕಾರ 167ನೆಯ ವಿಧಿಯಂತೆ ಅವರಿಗಿದೆ. ಸಂಕಕ್ಕಾಗಿ ಆ ವಿಧಿಯನ್ನು ಯಾರಾದರೂ ಬಳಸಿದ್ದನ್ನು ನಾನು ಕೇಳಿಲ್ಲ.

ಮಲೆಯಾಳ ಪತ್ರಿಕೆಯಲ್ಲಿ ‘ಮಂತ್ರಿಸಭಾ ಯೋಗಂ’, ಕನ್ನಡ ಪತ್ರಿಕೆಯಲ್ಲಿ ‘ಸಚಿವ ಸಂಪುಟ ಸಭೆ’, ನಮ್ಮ ಪಾಠಪುಸ್ತಕದಲ್ಲಿ ‘ಮಂತ್ರಿಮಂಡಲ’ ಎಂದಿದೆ. ಮೂರೂ ಒಂದೆಯೇ?
– ಹತ್ತನೆಯ ತರಗತಿಯ ವಿದ್ಯಾರ್ಥಿನಿ, ನೀರ್ಚಾಲು

ಕೇರಳದಲ್ಲಿ ಕುಳಿತು ನೋಡಿದರೆ ಮೂರೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತವೆ, ಏಕೆಂದರೆ ಇಲ್ಲಿ ಈಚಿನ ಸರಕಾರಗಳಲ್ಲಿ ಮಂತ್ರಿಗಳೆಲ್ಲರೂ ಸಂಪುಟ ದರ್ಜೆಯವರೇ. ದಿಲ್ಲಿಯತ್ತ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಲ್ಲಿ ಸಂಪುಟ ದರ್ಜೆಯ ಸಚಿವರು, ಸ್ವತಂತ್ರ ಹೊಣೆಯ ರಾಜ್ಯ ಸಚಿವರು, ಬರಿಯ ರಾಜ್ಯ ಸಚಿವರು ಹೀಗೆ ಮೆಟ್ಟಿಲುಗಳಿವೆ. ಎಲ್ಲರೂ ಸೇರಿದ್ದು ಮಂತ್ರಿಮಂಡಲ. ಅದರೊಳಗೆ ಪ್ರಧಾನಿ ಮತ್ತು ಸಂಪುಟ ದರ್ಜೆಯವರು ಮಾತ್ರ ಕೂಡಿ ಕುಳಿತು ತೀರ್ಮಾನಿಸುವ ಚಿಕ್ಕ ಕೂಟವೇ ಸಂಪುಟ. (‘ರಾಜ್ಯ ಸಚಿವ’ ಎಂದರೆ ಯಾವುದೋ ರಾಜ್ಯದ ಸಚಿವರೆಂದು ಪರೀಕ್ಷೆಯಲ್ಲಿ ಬರೆಯುವವರು ಪ್ರತಿವರ್ಷ ಇರುತ್ತಾರೆ. ತಪ್ಪು ಮಕ್ಕಳದ್ದಲ್ಲ, ಆ ಹೆಸರಿಟ್ಟವರದು.)

ಹೆಸರಿನ ಹಿಂದೆ ಒಂದು ಕತೆಯಿದೆ. ಇಂಗ್ಲೆಂಡಿನಲ್ಲಿ ಕ್ಯಾಬಿನೆಟ್ ಎಂದರೆ ಮೊದಲಿಗೆ ಅರಸನ ಒಳಕೋಣೆ. ಅಲ್ಲಿಗೆ ಕರೆಸಿಕೊಂಡು ಗುಟ್ಟಾಗಿ ಮಾತಾಡುವ ನಾಲ್ಕಾರು ಮಂದಿಗೆ ಕೋಣೆಯ ಹೆಸರೇ ಅಂಟಿಕೊಂಡಿತು. ಒಂದನೆಯ ಜಾರ್ಜ್ ದೊರೆ ಆ ಸಭೆಗಳಿಗೆ ಬರುವುದನ್ನು ಬಿಟ್ಟ ಮೇಲೆ ಮಂತ್ರಿಗಳೊಳಗೇ ಒಬ್ಬರು ಮುಂದಾಳಾಗಬೇಕಾಯಿತು. 1721ರಲ್ಲಿ ಖಜಾನೆಯ ಮುಖ್ಯಸ್ಥರಾದ ರಾಬರ್ಟ್ ವಾಲ್ಪೋಲರನ್ನು ಮೊದಲ ಪ್ರಧಾನಿಯೆಂದು ಎಣಿಸುವುದು ರೂಢಿ. ಕನ್ನಡದ ‘ಸಂಪುಟ’ಕ್ಕೂ ಮುಚ್ಚಳವಿರುವ ಕರಂಡಕ, ಪೆಟ್ಟಿಗೆ ಎಂಬ ಅರ್ಥವಿದೆ. ಮುಚ್ಚಿಟ್ಟ ಮಾತಿಗೆ ಎರಡು ಭಾಷೆಗಳೂ ಮುಚ್ಚಿದ ಜಾಗವನ್ನೇ ನೆನೆದವು ಎಂಬುದು ನನಗೆ ಮೋಜೆನಿಸುತ್ತದೆ.

ನಿಮ್ಮ ಪಾಠಪುಸ್ತಕ ಹೇಳದಿರಬಹುದಾದ ಇನ್ನೊಂದು ಸಂಗತಿಯೆಂದರೆ, 1950ರಲ್ಲಿ ಜಾರಿಗೆ ಬಂದ ಮೂಲ ಸಂವಿಧಾನದಲ್ಲಿ ಕ್ಯಾಬಿನೆಟ್ ಎಂಬ ಪದವೇ ಇರಲಿಲ್ಲ. ಇದ್ದುದು ಮಂತ್ರಿಮಂಡಲ ಮಾತ್ರ. ಅದನ್ನು ಸೇರಿಸಿದ್ದು 1978ರ 44ನೆಯ ತಿದ್ದುಪಡಿ, ಅದೂ 352ನೆಯ ವಿಧಿಯಲ್ಲಿ. ಕಾರಣ 1975ರ ಜೂನ್ 25ರ ರಾತ್ರಿ. ಅಂದು ಪ್ರಧಾನಿ ಇಂದಿರಾ ಗಾಂಧಿಯವರ ಪತ್ರವೊಂದರ ಆಧಾರದಿಂದಲೇ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟ ಸೇರಿ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಗ್ಗೆ, ಎಲ್ಲವೂ ಆಗಿಹೋದ ಬಳಿಕ. ಹೀಗೆ ಮತ್ತೊಮ್ಮೆ ಆಗಬಾರದೆಂದು, ಸಂಪುಟದ ತೀರ್ಮಾನವು ಲಿಖಿತವಾಗಿ ಕೈಸೇರದ ಹೊರತು ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯನ್ನು ಘೋಷಿಸುವಂತಿಲ್ಲವೆಂದು ಬರೆಯಲಾಯಿತು. ಹಾಗೆ ಬರೆಯುವಾಗ ಸಂಪುಟವೆಂದರೆ ಯಾರೆಂಬುದನ್ನೂ ವಿವರಿಸಬೇಕಾಯಿತು.

ಮಂತ್ರಿಗಳ ಸಂಖ್ಯೆಗೆ ಮಿತಿಯಿದೆಯೇ ಎಂದೂ ಕೇಳಿದ್ದೀರಿ. 2003ರ 91ನೆಯ ತಿದ್ದುಪಡಿಯಂತೆ ಕೆಳಮನೆಯ ಸದಸ್ಯಬಲದ ಶೇಕಡಾ 15ನ್ನು ಮೀರುವಂತಿಲ್ಲ. ಕೇರಳದ 140 ಸ್ಥಾನಗಳಿಗೆ ಮುಖ್ಯಮಂತ್ರಿಯೂ ಸೇರಿ 21, ಕರ್ನಾಟಕದ 224 ಸ್ಥಾನಗಳಿಗೆ 34.

ಸಂಪುಟದ ಒಂದು ತೀರ್ಮಾನಕ್ಕೆ ಒಪ್ಪದ ಮಂತ್ರಿ ಹೊರಗೆ ಬಂದು ತನಗೆ ಒಪ್ಪಿಗೆಯಿರಲಿಲ್ಲವೆಂದು ಹೇಳಬಹುದೇ? ಹೇಳಬಾರದೆಂದಾದರೆ, ಕಾಸರಗೋಡಿನ ಗಡಿಯ ಕುರಿತ ಮಹಾಜನ ವರದಿಯನ್ನು ಮೂಲೆಗೆ ಸೇರಿಸಿದವರು ಯಾರೆಂಬುದು ನಮ್ಮಂಥವರಿಗೆ ತಿಳಿಯುವುದಾದರೂ ಹೇಗೆ?
– ನಿವೃತ್ತ ಅಧ್ಯಾಪಕರು, ಕುಂಬಳೆ

ಮಾಸ್ತರರು ಎರಡು ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದಾರೆ, ಮತ್ತು ಸರಿಯಾಗಿಯೇ ಕಟ್ಟಿದ್ದಾರೆ.

ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕೆಂದು 164ನೆಯ ವಿಧಿಯೂ, ಲೋಕಸಭೆಗೆ ಹೊಣೆಯಾಗಿರಬೇಕೆಂದು 75ನೆಯ ವಿಧಿಯೂ ಹೇಳುತ್ತವೆ. ಇದರಿಂದ ಹುಟ್ಟಿದ ನಡವಳಿಕೆಯೆಂದರೆ, ಬಾಗಿಲು ಮುಚ್ಚಿರುವಾಗ ಎಷ್ಟು ಬೇಕಾದರೂ ವಾದಿಸಬಹುದು. ಬಾಗಿಲು ತೆರೆದ ಮೇಲೆ ತೀರ್ಮಾನ ಎಲ್ಲರದು. ಒಪ್ಪಲಾರದವರು ರಾಜೀನಾಮೆ ಕೊಟ್ಟು ಹೊರಬಂದ ಮೇಲಷ್ಟೇ ತಮ್ಮ ಮಾತನ್ನು ಹೇಳಬಹುದು. ಬಿಟ್ಟುಹೋಗುವ ಮಂತ್ರಿ ಸದನದಲ್ಲಿ ಹೇಳಿಕೆ ಕೊಡುವ ವಾಡಿಕೆ ಬಂದದ್ದು ಇದಕ್ಕೇ. 1951ರಲ್ಲಿ ಅಂಬೇಡ್ಕರರು ಕಾನೂನು ಮಂತ್ರಿ ಪದವಿಯನ್ನು ತೊರೆದಾಗ ಹಿಂದೂ ಸಂಹಿತೆಯ ಮಸೂದೆಗೆ ಸರಕಾರ ತೋರಿದ ಉದಾಸೀನವೂ ಅವರು ಕೊಟ್ಟ ಕಾರಣಗಳಲ್ಲೊಂದು.

ಗಡಿನಾಡಿನವರಾದ ನಮಗೆ ಹೆಚ್ಚು ಹತ್ತಿರವಾದದ್ದು ಸಿ.ಡಿ. ದೇಶಮುಖರ ರಾಜೀನಾಮೆ. 1956ರಲ್ಲಿ, ಅಂದರೆ ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಸೇರಿಸಿದ ಆ ರಾಜ್ಯ ಪುನರ್ವಿಂಗಡಣೆಯ ವರ್ಷವೇ, ಹಣಕಾಸು ಮಂತ್ರಿಯಾಗಿದ್ದ ಅವರು ಮುಂಬಯಿ ನಗರವನ್ನು ಮಹಾರಾಷ್ಟ್ರದಿಂದ ಬೇರೆಯಾಗಿ ಕೇಂದ್ರದ ಆಡಳಿತದಲ್ಲಿಡುವ ತೀರ್ಮಾನವನ್ನು ವಿರೋಧಿಸಿ ಹೊರಬಂದರು. ಅವರ ದೂರು ಮುಂಬಯಿಯ ವಿಚಾರದಲ್ಲಿ ಮಾತ್ರವಿರಲಿಲ್ಲ. ಅಷ್ಟು ದೊಡ್ಡ ವಿಷಯವನ್ನು ಸಂಪುಟದಲ್ಲಿ ಸರಿಯಾಗಿ ಚರ್ಚಿಸಿಯೇ ಇಲ್ಲವೆಂದು ಅವರು ಸಂಸತ್ತಿನಲ್ಲಿಯೇ ಆಪಾದಿಸಿದರು. ನೆಹರೂ ಅದನ್ನು ಒಪ್ಪಲಿಲ್ಲ. ಎಲ್ಲರ ಹೆಸರಿನಲ್ಲಿ ಹೊರಡುವ ತೀರ್ಮಾನವು ಎಲ್ಲರ ಮುಂದೆ ಬಂದೇ ಇರುವುದಿಲ್ಲ ಎಂಬ ಸಂದೇಹ ಹೀಗೆ ಗಣರಾಜ್ಯದ ಏಳನೆಯ ವರ್ಷದಲ್ಲೇ ಎದ್ದಿತ್ತು, ಎತ್ತಿದವರು ಒಳಗಿದ್ದವರೇ.

ಕೇರಳದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿನ ಉದಾಹರಣೆ 2017ರ ನವೆಂಬರಿನದು. ಸಾರಿಗೆ ಮಂತ್ರಿಯಾಗಿದ್ದ ತೋಮಸ್ ಚಾಂಡಿಯವರು, ಭೂಮಿಯ ವಿಚಾರದಲ್ಲಿ ಆಲಪ್ಪುಳದ ಜಿಲ್ಲಾಧಿಕಾರಿ ಕೊಟ್ಟ ವರದಿಯ ವಿರುದ್ಧ ಹೈಕೋರ್ಟಿಗೆ ಹೋದರು. ಸರಕಾರದ ಅಂಗವಾಗಿದ್ದುಕೊಂಡೇ ಸರಕಾರದ ಮೇಲೆ ಮೊಕದ್ದಮೆ ಹೂಡುವುದು ಹೇಗೆ, ಸಾಮೂಹಿಕ ಹೊಣೆಗೆ ಇದು ಸಲ್ಲುತ್ತದೆಯೇ ಎಂದು ಹೈಕೋರ್ಟು ಪ್ರಶ್ನಿಸಿತು. ಚಾಂಡಿಯವರು ಇನ್ನೂ ಪದವಿಯಲ್ಲಿರುವುದನ್ನು ಪ್ರತಿಭಟಿಸಿ, ಮರುದಿನದ ಸಂಪುಟ ಸಭೆಗೆ ಮೈತ್ರಿಪಕ್ಷವಾದ ಸಿಪಿಐಯ ನಾಲ್ವರು ಮಂತ್ರಿಗಳು ಹೋಗಲಿಲ್ಲ. ಅವರಲ್ಲೊಬ್ಬರು ನಮ್ಮ ಜಿಲ್ಲೆಯ ಕಾಞಂಗಾಡಿನ ಶಾಸಕರೂ ಕಂದಾಯ ಮಂತ್ರಿಗಳೂ ಆಗಿದ್ದ ಇ. ಚಂದ್ರಶೇಖರನ್. ಅದೇ ದಿನ ಚಾಂಡಿಯವರು ರಾಜೀನಾಮೆ ಕೊಟ್ಟರು. ಆದರೆ ಸಭೆಗೆ ಹೋಗದ ನಾಲ್ವರು ತಮ್ಮ ಪದವಿಗಳಲ್ಲಿ ಉಳಿದರು. ನಿಯಮವನ್ನು ಅಕ್ಷರಶಃ ಹಿಡಿದರೆ ಅವರ ನಡೆಯೂ ಪ್ರಶ್ನಾರ್ಹವೇ. ಮೈತ್ರಿ ಸರಕಾರಗಳಲ್ಲಿ ಸಾಮೂಹಿಕ ಹೊಣೆಯೆಂಬ ಹಗ್ಗವನ್ನು ಕಡಿಯದೆ ಎಷ್ಟು ಎಳೆಯಬಹುದೆಂಬುದನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಪಕ್ಷಗಳ ಬಲಾಬಲವೇ ತೀರ್ಮಾನಿಸುತ್ತದೆ.

ಇನ್ನು ಮಹಾಜನ ವರದಿ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರ್‌ಚಂದ್ ಮಹಾಜನರ ಆಯೋಗವನ್ನು ಕೇಂದ್ರ ಸರಕಾರ ನೇಮಿಸಿದ್ದು 1966ರಲ್ಲಿ. ಚಂದ್ರಗಿರಿ ಹೊಳೆಯ ಬಡಗಣ ಪ್ರದೇಶ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಸೇರಬೇಕೆಂದು ಅದು ಹೇಳಿದ್ದು 1967ರಲ್ಲಿ. ಆದರೆ ಆಯೋಗ ಕೊಡುವುದು ಸಲಹೆ. ರಾಜ್ಯದ ಗಡಿ ಬದಲಾಗಬೇಕಾದರೆ 3ನೆಯ ವಿಧಿಯಂತೆ ಸಂಸತ್ತಿನಲ್ಲಿ ಮಸೂದೆ ಬರಬೇಕು. ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಅಂಥ ಮಸೂದೆಯನ್ನು ಮಂಡಿಸುವಂತಿಲ್ಲ. ರಾಷ್ಟ್ರಪತಿಗಳು ಶಿಫಾರಸು ಮಾಡಬೇಕಾದರೆ ಕೇಂದ್ರದ ಮಂತ್ರಿಮಂಡಲ ಸಲಹೆ ಕೊಡಬೇಕು. ಸಂಬಂಧಪಟ್ಟ ರಾಜ್ಯಗಳ ವಿಧಾನಮಂಡಲಗಳ ಅಭಿಪ್ರಾಯವನ್ನು ಕೇಳಬೇಕು, ಆದರೆ ಅದಕ್ಕೆ ಸಂಸತ್ತು ಕಟ್ಟುಬೀಳಬೇಕಾಗಿಲ್ಲ. ಎಂದರೆ ಬೀಗದ ಕೈ ಇದ್ದದ್ದು ದಿಲ್ಲಿಯ ಸಂಪುಟದಲ್ಲಿ. ಅಂದಿನಿಂದ ಇಂದಿನವರೆಗೆ ಯಾವ ಪಕ್ಷದ ಸಂಪುಟವೂ ಆ ಮಸೂದೆಯನ್ನು ತರಲಿಲ್ಲ. ಹಾಗಾಗಿ ‘ಮೂಲೆಗೆ ಸೇರಿಸಿದವರು ಯಾರು’ ಎಂಬುದಕ್ಕೆ ಒಂದು ಹೆಸರನ್ನು ಹೇಳಲು ಬರುವುದಿಲ್ಲ. ಮಾಡಿದ ತೀರ್ಮಾನಕ್ಕೆ ಸಂಖ್ಯೆ, ತಾರೀಕು, ಸಹಿ ಇರುತ್ತದೆ, ಸದನದಲ್ಲಿ ಅದನ್ನು ಖಂಡಿಸಬಹುದು. ಮಾಡದೆ ಬಿಟ್ಟದ್ದಕ್ಕೆ ಇವು ಯಾವುವೂ ಇಲ್ಲ. ಸಂಪುಟ ಪದ್ಧತಿಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ಚಂದ್ರಗಿರಿಯ ಈಚೆ ದಡದಲ್ಲಿದ್ದು ಮೂರು ತಲೆಮಾರು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಕಾರ ಉಳಿಯಲು ಒಂದು ಮತ ಹೆಚ್ಚಿದ್ದರೆ ಸಾಕೇ? ಎರಡೂ ಕಡೆ ಸಮವಾದರೆ ಏನು ಮಾಡುತ್ತಾರೆ?
– ವ್ಯಾಪಾರಿಗಳು, ಬದಿಯಡ್ಕ

ಒಂದು ಮತ ಸಾಕು. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರಕಾರ ಬಿದ್ದದ್ದು 269ಕ್ಕೆ 270ರಿಂದ. ಸಮವಾದರೆ ಸಭಾಧ್ಯಕ್ಷರು ನಿರ್ಣಾಯಕ ಮತ ಚಲಾಯಿಸಬೇಕೆಂದು 189ನೆಯ ವಿಧಿ ಹೇಳುತ್ತದೆ. ಮಿಕ್ಕ ಸಮಯದಲ್ಲಿ ಅವರಿಗೆ ಮತವಿಲ್ಲ.

ಈ ನಿರ್ಣಾಯಕ ಮತದ ಪ್ರಸಿದ್ಧ ಕತೆ ನಮ್ಮ ಕೇರಳದ್ದೇ. 1981ರ ಡಿಸೆಂಬರ್ ಕೊನೆಯಲ್ಲಿ ಕೆ. ಕರುಣಾಕರನ್ ಮುಖ್ಯಮಂತ್ರಿಯಾದಾಗ ಸಭೆಯ ಬಲ ಎರಡು ಕಡೆಗೂ ಸಮಸಮವಾಗಿತ್ತು. ಸಭಾಧ್ಯಕ್ಷ ಎ.ಸಿ. ಜೋಸರು ಮತ್ತೆಮತ್ತೆ ನಿರ್ಣಾಯಕ ಮತ ಹಾಕಿ ಆ ಮಂತ್ರಿಮಂಡಲವನ್ನು ಎತ್ತಿಹಿಡಿದರು. ತಕ್ಕಡಿಯ ಮುಳ್ಳೇ ಒಂದು ತಟ್ಟೆಯಲ್ಲಿ ಕುಳಿತಂತಾಯಿತೆಂದು ವಿರೋಧ ಪಕ್ಷದವರು ಕೂಗಾಡಿದರೂ ಸಂವಿಧಾನದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. 1982ರ ಮಾರ್ಚಿನಲ್ಲಿ ಲೋನಪ್ಪನ್ ನಂಬಾಡನ್ ಎಂಬ ಒಬ್ಬ ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರು. ಅಲ್ಲಿಗೆ ಮೂರು ತಿಂಗಳೂ ತುಂಬದ ಸರಕಾರ ಮುಗಿಯಿತು.

ಇಂದು ಅಂಥ ಒಬ್ಬ ನಂಬಾಡನ್ ಏಳುವುದು ಕಷ್ಟ. 1985ರ 52ನೆಯ ತಿದ್ದುಪಡಿಯು ಹತ್ತನೆಯ ಅನುಸೂಚಿಯನ್ನು ಸೇರಿಸಿದ ಬಳಿಕ, ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಬೆಳಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಎಂಬಂತಿದ್ದ ಪಕ್ಷಾಂತರಕ್ಕೆ ಕಡಿವಾಣ ಬೇಕಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಪುಟವು ಸದನದ ಭಯದಲ್ಲಿರಬೇಕೆಂಬುದು ಈ ಪದ್ಧತಿಯ ಮೂಲ ಲೆಕ್ಕಾಚಾರ. ಆಳುವ ಪಕ್ಷದ ಸದಸ್ಯರು ತಮ್ಮ ಮಂತ್ರಿಗಳ ಮಸೂದೆಯೊಂದಕ್ಕೆ ವಿರುದ್ಧವಾಗಿ ಕೈಯೆತ್ತಿದರೂ ಸ್ಥಾನಕ್ಕೆ ಕುತ್ತು ಬರುವಂತಾದರೆ, ಭಯ ಯಾರಿಗೆ ಯಾರದೆಂಬ ಲೆಕ್ಕವೇ ತಿರುವುಮುರುವಾಗುತ್ತದೆ. ಅವಿಶ್ವಾಸ ಗೊತ್ತುವಳಿ ಮತ್ತು ಹಣಕಾಸು ವಿಷಯಗಳಿಗೆ ಮಾತ್ರ ವಿಪ್ಪನ್ನು ಕಡ್ಡಾಯಗೊಳಿಸಿ ಉಳಿದೆಡೆ ಸದಸ್ಯರನ್ನು ಬಿಟ್ಟುಕೊಡುವುದು ಲೇಸೆಂದು ನನ್ನ ಅಭಿಪ್ರಾಯ.

2023ರ ಜೂನ್ 29ರಂದು ನಮ್ಮ ತಮಿಳುನಾಡಿನ ರಾಜ್ಯಪಾಲರು ಮಂತ್ರಿಯೊಬ್ಬರನ್ನು ವಜಾ ಮಾಡಿ, ಕೆಲವೇ ಗಂಟೆಗಳಲ್ಲಿ ಆ ಆದೇಶವನ್ನು ತಾವೇ ತಡೆಹಿಡಿದರು. ರಾಜ್ಯಪಾಲರಿಗೆ ಅಂಥ ಅಧಿಕಾರ ಇದೆಯೇ, ಇಲ್ಲವೇ?
– ಓದುಗರು, ತಾಳವಾಡಿ

ಮಂತ್ರಿಗಳು ರಾಜ್ಯಪಾಲರ ಇಚ್ಛೆ ಇರುವಷ್ಟು ಕಾಲ ಪದವಿಯಲ್ಲಿರುತ್ತಾರೆಂದು 164ನೆಯ ವಿಧಿಯಲ್ಲಿದೆ. ಗೊಂದಲ ಆ ಒಂದು ಮಾತಿನಿಂದ. ಮೇಲೆ ಪೆರ್ಲದವರಿಗೆ ಹೇಳಿದ್ದೇ ಇಲ್ಲಿಗೂ ಅನ್ವಯಿಸುತ್ತದೆ: ಇಚ್ಛೆ ಎಂದು ಬರೆದದ್ದು ರಾಜ್ಯಪಾಲರ ಹೆಸರಿನಲ್ಲಿ, ಅದನ್ನು ನಡೆಸುವವರು ಮುಖ್ಯಮಂತ್ರಿ. ಮುಖ್ಯಮಂತ್ರಿಯ ಶಿಫಾರಸಿಲ್ಲದೆ ರಾಜ್ಯಪಾಲರು ಮಂತ್ರಿಯನ್ನು ತೆಗೆಯುವಂತಿಲ್ಲವೆಂಬ ನಿಲುವನ್ನು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದೇ ಪ್ರಕರಣದಿಂದೆದ್ದ ಅರ್ಜಿಯಲ್ಲಿ ಎತ್ತಿಹಿಡಿಯಿತು.

ಒಬ್ಬ ಮಂತ್ರಿಯ ಬದಲಿಗೆ ಇಡೀ ಮಂತ್ರಿಮಂಡಲವನ್ನೇ ತೆಗೆದುಹಾಕಿದ ಪ್ರಕರಣದಲ್ಲಿ ನಮ್ಮ ಜಿಲ್ಲೆಗೂ ಒಂದು ಪಾಲಿದೆ. ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರು 1957ರಲ್ಲಿ ಆರಿಸಿಬಂದದ್ದು ಈಗ ಕಾಸರಗೋಡು ಜಿಲ್ಲೆಯಲ್ಲಿರುವ ನೀಲೇಶ್ವರದಿಂದ. ವಿಧಾನಸಭೆಯಲ್ಲಿ ಬಹುಮತವಿದ್ದಾಗಲೇ, ವಿಮೋಚನಾ ಸಮರವೆಂಬ ಚಳವಳಿಯ ಬಳಿಕ, 1959ರ ಜುಲೈ 31ರಂದು ಅವರ ಸರಕಾರವನ್ನು 356ನೆಯ ವಿಧಿಯಂತೆ ವಜಾ ಮಾಡಲಾಯಿತು. ಸದನವು ಬೀಳಿಸದ ಸಂಪುಟವನ್ನು ದಿಲ್ಲಿಯ ಸಂಪುಟ ಬೀಳಿಸಿತು. ಇದಕ್ಕೆ ನ್ಯಾಯಾಲಯದ ಕಟ್ಟೆ ಕಟ್ಟಿದ್ದು ಮೂವತ್ತೈದು ವರ್ಷಗಳ ಬಳಿಕ, ಒಬ್ಬ ಕನ್ನಡಿಗರ ಮೊಕದ್ದಮೆ. 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತವನ್ನು ತೋರಿಸುತ್ತೇನೆಂದರೂ ಅವಕಾಶ ಕೊಡದೆ ಅವರ ಸರಕಾರವನ್ನು ತೆಗೆಯಲಾಗಿತ್ತು. 1994ರಲ್ಲಿ ಒಂಬತ್ತು ನ್ಯಾಯಾ­ಧೀಶರ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದ ಅಂಗಳದಲ್ಲೇ ಹೊರತು ರಾಜ್ಯಪಾಲರ ಮನಸ್ಸಿನಲ್ಲಲ್ಲವೆಂದು ಸ್ಪಷ್ಟಪಡಿಸಿತು. ಬೊಮ್ಮಾಯಿಯವರಿಗೆ ಅದರಿಂದ ಪದವಿ ಮರಳಲಿಲ್ಲ. ಲಾಭವಾದದ್ದು ಅನಂತರ ಬಂದವರಿಗೆ.

ಶಾಸಕರಲ್ಲದವರು ಮಂತ್ರಿಯಾಗಬಹುದೇ?
– ಓದುಗರು, ಮಂಜೇಶ್ವರ

ಆಗಬಹುದು, ಆರು ತಿಂಗಳ ಮಟ್ಟಿಗೆ. ಅಷ್ಟರೊಳಗೆ ಆರಿಸಿಬರದಿದ್ದರೆ ಪದವಿ ತಾನಾಗಿ ಹೋಗುತ್ತದೆ. 1969ರಲ್ಲಿ ಸಿ. ಅಚ್ಯುತ ಮೇನೋನ್ ಕೇರಳದ ಮುಖ್ಯಮಂತ್ರಿಯಾದಾಗ ರಾಜ್ಯಸಭೆಯ ಸದಸ್ಯರಾಗಿದ್ದರು, ವಿಧಾನಸಭೆಗೆ ಬಂದದ್ದು ಅನಂತರ. 1996ರ ಜೂನ್ 1ರಂದು ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಆಗ ಸಂಸತ್ತಿನ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ಆರು ತಿಂಗಳು ಮುಗಿದೊಡನೆ ರಾಜೀನಾಮೆ ಕೊಟ್ಟು, ಚುನಾವಣೆಗೆ ನಿಲ್ಲದೆಯೇ ಮತ್ತೆ ಪ್ರಮಾಣವಚನ ತೆಗೆದುಕೊಳ್ಳುವ ಉಪಾಯವನ್ನು ಪಂಜಾಬಿನಲ್ಲಿ ಒಬ್ಬರು ಮಾಡಿ ನೋಡಿದರು. 2001ರಲ್ಲಿ ಸುಪ್ರೀಂ ಕೋರ್ಟು ಆ ದಾರಿಯನ್ನು ಮುಚ್ಚಿತು.

ಸಂಪುಟದಲ್ಲಿ ಏನು ನಡೆಯಿತೆಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಳಿದುಕೊಳ್ಳಬಹುದೇ?
– ಓದುಗರು, ಮುಳ್ಳೇರಿಯ

ಯಾರು ಏನೆಂದರು ಎಂಬುದು ಸಿಗಲಾರದು. ರಾಷ್ಟ್ರಪತಿ ಅಥವಾ ರಾಜ್ಯಪಾಲರಿಗೆ ಮಂತ್ರಿಗಳು ಕೊಟ್ಟ ಸಲಹೆ ಏನೆಂಬುದನ್ನು ನ್ಯಾಯಾಲಯಗಳೂ ವಿಚಾರಿಸುವಂತಿಲ್ಲವೆಂದು ಸಂವಿಧಾನವೇ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯ 8ನೆಯ ಪ್ರಕರಣವು ಸಂಪುಟದ ಕಾಗದಗಳಿಗೂ, ಮಂತ್ರಿಗಳು ಮತ್ತು ಕಾರ್ಯದರ್ಶಿಗಳು ಮಾಡಿದ ಸಮಾಲೋಚನೆಯ ದಾಖಲೆಗಳಿಗೂ ವಿನಾಯಿತಿ ಕೊಟ್ಟಿದೆ. ಆದರೆ ಅದೇ ಪ್ರಕರಣದ ಬಾಲದಲ್ಲಿ ನಮಗೆ ಬೇಕಾದ ಮಾತಿದೆ. ತೀರ್ಮಾನವಾಗಿ ವಿಷಯ ಪೂರ್ಣಗೊಂಡ ಮೇಲೆ ಆ ತೀರ್ಮಾನವನ್ನೂ, ಅದರ ಕಾರಣಗಳನ್ನೂ, ಯಾವ ಸಾಮಗ್ರಿಯ ಆಧಾರದಿಂದ ತೀರ್ಮಾನಿಸಿದರೆಂಬುದನ್ನೂ ಬಹಿರಂಗಪಡಿಸತಕ್ಕದ್ದು. ಅರ್ಜಿ ಬರೆಯುವವರು ಹೆಚ್ಚಾಗಿ ‘ಚರ್ಚೆಯ ವಿವರ ಕೊಡಿ’ ಎಂದು ಕೇಳಿ ತಿರಸ್ಕಾರದ ಕಾಗದವನ್ನು ಪಡೆಯುತ್ತಾರೆ. ‘ತೀರ್ಮಾನಕ್ಕೆ ಕೊಟ್ಟ ಕಾರಣಗಳ ಮತ್ತು ಆಧಾರವಾಗಿಟ್ಟ ವರದಿಗಳ ಪ್ರತಿ ಕೊಡಿ’ ಎಂದು ಬರೆದರೆ ಆ ಬಾಗಿಲನ್ನು ಮುಚ್ಚುವುದು ಅಷ್ಟು ಸುಲಭವಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು.

ಪೆರ್ಲದವರೂ ಇದನ್ನು ಗಮನಿಸಲಿ. ಸಂಕಕ್ಕೆ ಹಣವಿಲ್ಲವೆಂದು ಬರೆಯುವ ಮೊದಲು ಸ್ಥಳ ಪರಿಶೀಲನೆ ಮಾಡಿದ ಎಂಜಿನಿಯರರ ವರದಿ ಕಡತದಲ್ಲಿದೆಯೇ, ಇದ್ದರೆ ಅಂದಾಜು ಮೊತ್ತವೆಷ್ಟು ಎಂದು ಆದೇಶದ ಸಂಖ್ಯೆಯನ್ನೂ ತಾರೀಕನ್ನೂ ಕಾಣಿಸಿ ಆ ಇಲಾಖೆಯ ಮಾಹಿತಿ ಅಧಿಕಾರಿಗೆ ಬರೆಯಲಿ. ಮಂತ್ರಿಗಳಿಗೆ ಎರಡನೆಯ ಮನವಿ ಕಳುಹಿಸುವುದಾದರೆ ಅದು ಕನ್ನಡದಲ್ಲೇ ಇರಲಿ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿನೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದೂ ಮರುಪಡಿಯೂ ಅದೇ ಭಾಷೆಯಲ್ಲಿ ಬರಬೇಕೆಂದೂ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಆ ಕಾಯಿದೆಯ ಹೆಸರನ್ನು ಮನವಿಯ ಮೊದಲ ಸಾಲಿನಲ್ಲೇ ನಮೂದಿಸಿ, ಒಂದು ಪ್ರತಿಯನ್ನು ಶಾಸಕರ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಸಿ ಮನೆಯಲ್ಲಿಟ್ಟುಕೊಳ್ಳಲಿ.